ಬಖರಾಖ್: ಪುಟ್ಟ ಊರಿಗೆ ಇಷ್ಟೊಂದು ಬುರುಜುಗಳೇಕೆ?

ಪ್ರಶ್ನೆ: ಬರುವ ಸೆಪ್ಟೆಂಬರಿನಲ್ಲಿ ನಾನೂ ನನ್ನ ಯಜಮಾನರೂ ಫ್ರಾಂಕ್‌ಫರ್ಟಿನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ರೈನ್ ನದಿಯ ದಂಡೆಯ ಬಖರಾಖ್ ಎಂಬ ಊರಿನಲ್ಲಿ ಎರಡು ದಿನ ಉಳಿಯಲು ಅಳಿಯಂದಿರು ಏರ್ಪಾಡು ಮಾಡಿದ್ದಾರೆ. ಎರಡು ಸಾವಿರ ಜನರೂ ಇಲ್ಲದ ಊರಿಗೆ ಬುರುಜುಗಳ ಸಾಲು, ಗುಡ್ಡದ ಮೇಲೊಂದು ದುರ್ಗ, ನಡುವೆ ದುರಸ್ತಿ ಮಾಡದೆ ಬಿಟ್ಟ ಒಂದು ಪಾಳು ಚರ್ಚು ಇವೆಲ್ಲ ಹೇಗೆ ಬಂದವು? ಇವುಗಳಲ್ಲಿ ನಿಜವಾಗಿ ಹಳೆಯದು ಯಾವುದು, ಪ್ರವಾಸಿಗರಿಗಾಗಿ ಕಟ್ಟಿದ್ದು ಯಾವುದು? ಅದು ವೈನ್‌ಗೆ ಹೆಸರಾದ ಊರಂತೆ. ನಾವಿಬ್ಬರೂ ಮದ್ಯ ಮುಟ್ಟುವವರಲ್ಲ. ನಮಗೆ ಅಲ್ಲಿ ನೋಡುವಂಥದ್ದು ಏನಾದರೂ ಇದೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಚಿಕ್ಕ ಉತ್ತರವೆಂದರೆ, ಬಖರಾಖ್ ಶ್ರೀಮಂತವಾದದ್ದು ಬಹುಮಟ್ಟಿಗೆ ಬೇರೆಯವರು ಬೆಳೆದ ದ್ರಾಕ್ಷಿಯಿಂದ, ಮತ್ತು ಅದು ಇಂದಿಗೂ ಹಳೆಯ ರೂಪದಲ್ಲಿ ಉಳಿದಿರುವುದು ಆ ಶ್ರೀಮಂತಿಕೆ ಕೈಬಿಟ್ಟುಹೋದದ್ದರಿಂದ. ಊರಿನ ಬಾಗಿಲು, ಬುರುಜು, ಗುಡಿಗೋಪುರಗಳನ್ನು ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಯಾವುದು ಏಕೆ ಅಲ್ಲಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲು ನದಿಯ ವಿಷಯ. ಬಖರಾಖ್ ಊರು ರೈನಿನ ಎಡದಂಡೆಯಲ್ಲಿ, ಬಿಂಗೆನ್ ಪಟ್ಟಣದಿಂದ ಸುಮಾರು 14 ಕಿ.ಮೀ. ಕೆಳಗಡೆ ಇದೆ. ಬಿಂಗೆನ್ ಬಳಿ ಗಟ್ಟಿಯಾದ ಬೆಣಚುಕಲ್ಲಿನ ಸಾಲೊಂದು ನದಿಗೆ ಅಡ್ಡವಾಗಿ ಹಾದುಹೋಗುತ್ತದೆ. ಅದರ ನಡುವಿನ ಇಕ್ಕಟ್ಟಾದ ಕಂಡಿಗೆ 'ಬಿಂಗರ್ ಲೋಖ್' ಎಂದು ಹೆಸರು. ಮಧ್ಯಯುಗದಲ್ಲಿ ಈ ಕಂಡಿಯ ಮೂಲಕ ಚಿಕ್ಕ ದೋಣಿಗಳು ಮಾತ್ರ, ಅದೂ ಜೀವ ಕೈಯಲ್ಲಿ ಹಿಡಿದುಕೊಂಡು, ದಾಟಬಹುದಾಗಿತ್ತು. ಮೇಲ್ಗಡೆಯ ರೈನ್‌ಗೌ ಮೊದಲಾದ ಸೀಮೆಗಳಲ್ಲಿ ತಯಾರಾದ ವೈನ್ ಕೊಲೋನ್ ನಗರದ ದೊಡ್ಡ ಪೇಟೆಗೆ, ಅಲ್ಲಿಂದ ಫ್ಲ್ಯಾಂಡರ್ಸ್, ಇಂಗ್ಲೆಂಡ್ ಮುಂತಾದೆಡೆಗೆ ಹೋಗಬೇಕಾಗಿತ್ತು. ಆದ್ದರಿಂದ ಪೀಪಾಯಿಗಳನ್ನು ಸಣ್ಣ ದೋಣಿಗಳಲ್ಲಿ ಕಂಡಿ ದಾಟಿಸಿ ಬಖರಾಖ್‌ಗೆ ತಂದು, ಅಲ್ಲಿ ಇಳಿಸಿ, ಮುಂದಿನ ಆಳವಾದ ನೀರಿನಲ್ಲಿ ಸಾಗುವ ದೊಡ್ಡ ಹಡಗುಗಳಿಗೆ ಏರಿಸುತ್ತಿದ್ದರು.

ಹೀಗೆ ಇಳಿಸಿ ಏರಿಸುವ ಕೆಲಸಕ್ಕೆ ಹಮಾಲರು, ಪೀಪಾಯಿ ಮಾಡುವವರು, ನೆಲಮಾಳಿಗೆಯ ಒಡೆಯರು, ದಲ್ಲಾಳಿಗಳು, ಅಳತೆಯವರು, ಸುಂಕದ ಅಧಿಕಾರಿಗಳು ಎಲ್ಲರೂ ಬೇಕಾದರು. ಇದಕ್ಕಿಂತ ದೊಡ್ಡ ಲಾಭವೊಂದೂ ಇತ್ತು. ಬಖರಾಖ್‌ನಲ್ಲಿ ಹಡಗು ಹತ್ತಿದ ವೈನ್, ಅದು ಯಾವ ಊರಿನ ತೋಟದ್ದೇ ಆಗಿರಲಿ, ದೂರದ ಪೇಟೆಗಳಲ್ಲಿ 'ಬಖರಾಖ್ ವೈನ್' ಎಂದೇ ಮಾರಾಟವಾಗುತ್ತಿತ್ತು. ಮೈನ್ ನದಿಯ ಕ್ಲಿಂಗೆನ್‌ಬೆರ್ಗ್, ವ್ಯೂರ್ತ್ಸ್‌ಬುರ್ಗ್‌ನ ಷ್ಟೈನ್ ಗುಡ್ಡ, ರೈನಿನ ಬಖರಾಖ್ ಈ ಮೂರೆಡೆಗಳಲ್ಲೇ ಅತ್ಯುತ್ತಮ ವೈನ್ ಹುಟ್ಟುತ್ತದೆ ಎಂಬ ಹಳೆಯ ಪ್ರಾಸದ ನಾಣ್ಣುಡಿ ಜರ್ಮನ್ ನಾಡಿನಲ್ಲಿ ಇಂದಿಗೂ ಪ್ರಚಾರದಲ್ಲಿದೆ. ಬಖರಾಖ್‌ಗೂ ಒಳ್ಳೆಯ ಸ್ವಂತ ತೋಟಗಳಿದ್ದವು, ಈಗಲೂ ಇವೆ. ಆದರೆ ಆ ಕೀರ್ತಿಯಲ್ಲಿ ದೊಡ್ಡ ಪಾಲು ನೆರೆಹೊರೆಯ ತೋಟಗಳದ್ದೆಂದು ನಾನು ತಿಳಿಯುತ್ತೇನೆ.

ನದಿಯ ಕಡೆಯ ಕೋಟೆಗೋಡೆಯಲ್ಲಿ ನಿಮಗೆ 'ಕ್ರಾನೆನ್‌ಟೋರ್' ಎಂಬ ಬಾಗಿಲು ಕಾಣುತ್ತದೆ. ಪೀಪಾಯಿಗಳನ್ನು ಎತ್ತುವ ಕ್ರೇನು ಒಮ್ಮೆ ಅದರೆದುರಿನ ದಂಡೆಯಲ್ಲಿತ್ತು. ಸಾವಿರ ಲೀಟರಿನಷ್ಟು ಹಿಡಿಯುವ ದೊಡ್ಡ ಪೀಪಾಯಿಯನ್ನು ದೋಣಿಯಿಂದ ಬರಿಗೈಯಲ್ಲಿ ಎತ್ತಲಾಗದು. ಹಾಗಾಗಿ ಊರಿನ ಅತ್ಯಂತ ಬೆಲೆಬಾಳುವ ಆಸ್ತಿ ಆ ಯಂತ್ರವೇ ಆಗಿದ್ದಿರಬೇಕು. ಅದರ ಆಸುಪಾಸಿನಲ್ಲೇ ಪೇಟೆಯ ಬಾಗಿಲು, ಟಂಕಸಾಲೆಯ ಬಾಗಿಲು ಇವೆ. ದಂಡೆಯ ಈ ಗೋಡೆಯ ಮೇಲೆ ಕಾವಲುಗಾರರು ಓಡಾಡುತ್ತಿದ್ದ ಹಾದಿ ಇನ್ನೂ ಉಳಿದಿದೆ. ಮನೆಗಳು ಅದಕ್ಕೇ ಅಂಟಿಕೊಂಡು ಎದ್ದಿವೆ, ಮತ್ತು ನೀವು ಅದರ ಮೇಲೆ ನಡೆಯುವಾಗ ಒಂದು ಪಕ್ಕದಲ್ಲಿ ಜನರ ಅಡುಗೆಮನೆಯ ಕಿಟಕಿಗಳು, ಇನ್ನೊಂದು ಪಕ್ಕದಲ್ಲಿ ರೈಲುಹಳಿ, ಹೆದ್ದಾರಿ, ಅವುಗಳಾಚೆ ನದಿ ಕಾಣುತ್ತವೆ.

ಇಷ್ಟು ಹಣ ಓಡಾಡುವ ಜಾಗವನ್ನು ಅರಸರು ಸುಮ್ಮನೆ ಬಿಡುವುದಿಲ್ಲ. ಊರಿನ ಮೇಲಿರುವ ಷ್ಟಾಲೆಕ್ ದುರ್ಗ ಮೂಲದಲ್ಲಿ ಕೊಲೋನ್ ಆರ್ಚ್‌ಬಿಷಪ್ಪರ ಅಧೀನದ್ದು. 12ನೇ ಶತಮಾನದಲ್ಲಿ ಅದು ಫಾಲ್ಟ್ಸ್ ಸಂಸ್ಥಾನದ ದೊರೆಗಳ ಕೈಗೆ ಬಂತು. ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸನ ಮಲಸಹೋದರ ಕೊನ್ರಾಡ್ 1156ರಲ್ಲಿ ಈ ಸಂಸ್ಥಾನದ ಒಡೆಯನಾದ. ಕೊನ್ರಾಡ್‌ನ ಮಗಳು ಆಗ್ನೆಸ್‌ಳನ್ನು ಫ್ರಾನ್ಸಿನ ರಾಜನಿಗೆ ಕೊಡಬೇಕೆಂಬುದು ಅಂದಿನ ಚಕ್ರವರ್ತಿ ಆರನೇ ಹೆನ್ರಿಯ ಇಚ್ಛೆಯಾಗಿತ್ತು. ಹುಡುಗಿಯ ತಾಯಿ ಇರ್ಮೆನ್‌ಗಾರ್ಡ್ ಮಾತ್ರ, ಗಂಡ ಊರಲ್ಲಿಲ್ಲದ ಸಮಯ ನೋಡಿ, ಬಾರ್ಬರೋಸನ ಮನೆತನಕ್ಕೆ ಪರಂಪರೆಯ ವೈರಿಗಳಾಗಿದ್ದ ವೆಲ್ಫ್ ಮನೆತನದ ಹೈನ್ರಿಖ್‌ನೊಡನೆ ಮಗಳ ಮದುವೆಯನ್ನು ಈ ದುರ್ಗದಲ್ಲೇ ಗುಟ್ಟಾಗಿ ಮಾಡಿ ಮುಗಿಸಿದಳು. ಇದು ನಡೆದದ್ದು 1193-94ರ ಚಳಿಗಾಲದಲ್ಲಿ. ಚಕ್ರವರ್ತಿಗೆ ಸಿಟ್ಟು ಬಂದರೂ ಕೊನೆಗೆ ಒಪ್ಪಿಕೊಂಡ. ಎರಡು ಮನೆತನಗಳ ನಡುವಿನ ಜಗಳ ಕೆಲಕಾಲ ತಣ್ಣಗಾಗಲು ಆ ಮದುವೆಯೂ ಒಂದು ಕಾರಣವಾಯಿತು. ರೈನ್ ಕಣಿವೆಯ ಕೋಟೆಗಳ ಬಗ್ಗೆ ಹೇಳುವ ಕಥೆಗಳಲ್ಲಿ ಹತ್ತಕ್ಕೆ ಒಂಬತ್ತು ಕಟ್ಟುಕಥೆಗಳು. ಇದು ಹಾಗಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ.

1214ರಲ್ಲಿ ಸಂಸ್ಥಾನ ಬವೇರಿಯದ ವಿಟೆಲ್ಸ್‌ಬಾಖ್ ಮನೆತನಕ್ಕೆ ಬಂತು. ಅವರಿಗೆ ಬಖರಾಖ್ ಎಂದರೆ ಮುಖ್ಯವಾಗಿ ನದಿಸುಂಕ. ಊರಿನಿಂದ ಸ್ವಲ್ಪ ಕೆಳಗೆ, ಕೌಬ್ ಎಂಬ ಊರಿನ ಎದುರು, ನದಿಯ ನಡುಗಡ್ಡೆಯ ಮೇಲೆ ಹಡಗಿನಂತೆ ನಿಂತಿರುವ ಫಾಲ್ಟ್ಸ್‌ಗ್ರಾಫೆನ್‌ಷ್ಟೈನ್ ಎಂಬ ಬಿಳಿಯ ಕೋಟೆಯನ್ನು ನೀವು ದೋಣಿಯಿಂದ ಖಂಡಿತ ನೋಡುತ್ತೀರಿ. ಇದೇ ಮನೆತನದ ಚಕ್ರವರ್ತಿ ಲುಡ್ವಿಗ್ 1327ರ ಸುಮಾರಿಗೆ ಅದನ್ನು ಕಟ್ಟಿಸಿದ್ದು ಸುಂಕ ತಪ್ಪಿಸಿಕೊಂಡು ಹೋಗುವ ಹಡಗುಗಳನ್ನು ಹಿಡಿಯುವುದಕ್ಕಾಗಿ. ಪೋಪ್ ಅದನ್ನು ಬಲವಾಗಿ ವಿರೋಧಿಸಿದರೂ ಕೋಟೆ ಉಳಿಯಿತು. 1349ರ ಮಾರ್ಚಿನಲ್ಲಿ ಮುಂದೆ ಚಕ್ರವರ್ತಿಯಾದ ನಾಲ್ಕನೇ ಚಾರ್ಲ್ಸ್ ಈ ಮನೆತನದ ಅನ್ನಾಳನ್ನು ಬಖರಾಖ್‌ನಲ್ಲೇ ಮದುವೆಯಾದ. ಅಂದಿನ ರಾಜಕೀಯದಲ್ಲಿ ಈ ಊರಿಗೆ ಎಷ್ಟು ತೂಕವಿತ್ತೆಂಬುದಕ್ಕೆ ಅದು ಸಾಕ್ಷಿ.

ಊರಿನ ಕೋಟೆಗೋಡೆ ಇದೇ ಕಾಲದ್ದು. 1344ರ ಸುಮಾರಿಗೆ ಆರಂಭವಾದ ಕೆಲಸ ಆ ಶತಮಾನದ ಕೊನೆಯವರೆಗೂ ನಡೆಯಿತು. ಒಟ್ಟು 16 ಬುರುಜುಗಳಿದ್ದವೆಂದು ಲೆಕ್ಕ. ಎಲ್ಲವೂ ಉಳಿದಿಲ್ಲ, ಆದರೂ ಇಷ್ಟು ಪೂರ್ಣವಾಗಿ ಉಳಿದ ಕೋಟೆಗೋಡೆ ಮಧ್ಯ ರೈನಿನಲ್ಲಿ ಅಪರೂಪ. ಗೋಡೆಯು ನದಿಯ ದಂಡೆಯಿಂದ ಎರಡೂ ಬದಿಯ ಗುಡ್ಡಗಳನ್ನೇರಿ ದುರ್ಗವನ್ನು ಕೂಡಿಕೊಳ್ಳುತ್ತದೆ. ಹೀಗಾಗಿ ಊರು, ದುರ್ಗ, ನಡುವಿನ ಚರ್ಚುಗಳೆಲ್ಲ ಒಂದೇ ರಕ್ಷಣೆಯೊಳಗೆ ಬಂದವು. ದ್ರಾಕ್ಷಿತೋಟದ ನಡುವೆ ನಿಂತಿರುವ 'ಪೋಸ್ಟೆನ್‌ಟುರ್ಮ್' ಬುರುಜನ್ನು ಹತ್ತಬಹುದು. ಊರಿನ ಒಟ್ಟು ವಿನ್ಯಾಸ ತಿಳಿಯಬೇಕಾದರೆ ಅಲ್ಲಿಂದ ನೋಡುವುದೇ ಸರಿ. ಹಿಂದಿನ ಕಣಿವೆಯ ಕಡೆಗಿರುವ ಷ್ಟೇಗರ್ ಟೋರ್ ಬಾಗಿಲಿನವರೆಗೆ ನಡೆದುಹೋದರೆ ಪ್ರವಾಸಿಗರ ಗದ್ದಲವೂ ಕಡಿಮೆಯಾಗುತ್ತದೆ.

ಈಗ ನೀವು ಕೇಳಿದ ಪಾಳು ಚರ್ಚಿನ ವಿಷಯಕ್ಕೆ ಬರುತ್ತೇನೆ. ಅದು ವೆರ್ನರ್ ಕಪೆಲ್ಲೆ, ಅಂದರೆ ವೆರ್ನರ್ ಹೆಸರಿನ ಚಾಪೆಲ್ (ಚಿಕ್ಕ ಚರ್ಚು). ಊರಿನ ಚಿತ್ರಗಳಲ್ಲೆಲ್ಲ ಅತ್ಯಂತ ಸುಂದರವಾಗಿ ಕಾಣುವುದು ಇದೇ: ಚಾವಣಿಯಿಲ್ಲ, ಕಿಟಕಿಗಳಲ್ಲಿ ಗಾಜಿಲ್ಲ, ಕಡೆದ ಕಲ್ಲಿನ ಜಾಲರಿಗಳ ಮೂಲಕ ಹಿಂದಿನ ಗುಡ್ಡವೂ ಆಕಾಶವೂ ತೋರುತ್ತವೆ. ಆದರೆ ಅದರ ಹಿಂದಿನ ಚರಿತ್ರೆ ಕರಾಳವಾದದ್ದು, ಮತ್ತು ಪ್ರವಾಸದ ಕರಪತ್ರಗಳು ಅದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ.

1287ರಲ್ಲಿ ವೆರ್ನರ್ ಎಂಬ ಹದಿನಾರು ವರ್ಷದ ಕೂಲಿ ಹುಡುಗನ ಹೆಣ ಬಖರಾಖ್ ಸಮೀಪ ಸಿಕ್ಕಿತು. ಅವನು ಪಕ್ಕದ ಓಬರ್‌ವೇಸೆಲ್ ಊರಿನಲ್ಲಿ ದುಡಿಯುತ್ತಿದ್ದವನು. ಯೆಹೂದ್ಯರು ತಮ್ಮ ಧಾರ್ಮಿಕ ಆಚರಣೆಗಾಗಿ ಅವನ ರಕ್ತ ತೆಗೆದು ಕೊಂದರೆಂಬ ವದಂತಿ ಹಬ್ಬಿತು. ಇಂಥ ಆರೋಪಗಳು ಆ ಕಾಲದ ಯೂರೋಪಿನಲ್ಲಿ ಬೇರೆಡೆಗಳಲ್ಲೂ ಹುಟ್ಟಿದ್ದವು, ಎಲ್ಲಿಯೂ ಅವುಗಳಿಗೆ ಆಧಾರವಿರಲಿಲ್ಲ. ವದಂತಿಯನ್ನು ನಂಬಿದ ಗುಂಪುಗಳು ಮಧ್ಯ ರೈನ್, ಮೋಸೆಲ್ ಕಣಿವೆಗಳ ಊರೂರುಗಳಲ್ಲಿ ಯೆಹೂದ್ಯರನ್ನು ಕೊಂದವು. ಜರ್ಮನ್ ನಾಡಿನ ಅಂದಿನ ದೊರೆ ರುಡೋಲ್ಫ್ ಆರೋಪವನ್ನು ಒಪ್ಪಲಿಲ್ಲ. ಓಬರ್‌ವೇಸೆಲ್, ಬೊಪ್ಪಾರ್ಡ್ ಊರುಗಳಿಗೆ ಅವನು ದಂಡ ವಿಧಿಸಿದ. ಆದರೆ ಅಷ್ಟರಲ್ಲಿ ಹುಡುಗನ ಗೋರಿ ಯಾತ್ರಾಸ್ಥಳವಾಗತೊಡಗಿತ್ತು. ಎರಡು ವರ್ಷದೊಳಗೆ ಅಲ್ಲಿ ಚಾಪೆಲ್ ಕಟ್ಟುವ ಕೆಲಸ ಮೊದಲಾಯಿತು. ಕಾಣಿಕೆಯ ಹಣ ಬಂದಾಗ ನಡೆದು, ನಿಂತಾಗ ನಿಂತು, ಅದು ಪೂರ್ತಿಯಾದದ್ದು 1430ರ ಸುಮಾರಿಗೆ. ಅದೇ ಹೊತ್ತಿನಲ್ಲಿ ಊರಿನ ಪಾದ್ರಿ ವಿನಾಂಡ್ ಫಾನ್ ಷ್ಟೇಗ್ ಎಂಬವರು ವೆರ್ನರ್‌ನನ್ನು ಅಧಿಕೃತವಾಗಿ ಸಂತನೆಂದು ಘೋಷಿಸಲು ರೋಮಿನಲ್ಲಿ ಪ್ರಯತ್ನ ನಡೆಸಿದರು. ಅದು ಕೈಗೂಡಲಿಲ್ಲ.

ಜನರು ಮಾತ್ರ ಘೋಷಣೆಗೆ ಕಾಯಲಿಲ್ಲ. ವೆರ್ನರ್ ದ್ರಾಕ್ಷಿ ಬೆಳೆಗಾರರ ಪೋಷಕ ಸಂತನಾಗಿಬಿಟ್ಟ. ಫ್ರಾನ್ಸಿನ ಓವರ್ನ್ ಸೀಮೆಯವರೆಗೂ ಅವನ ಪೂಜೆ ಹಬ್ಬಿತು, ಅಲ್ಲಿನ ಮೂರ್ತಿಗಳಲ್ಲಿ ಅವನು ಬಳ್ಳಿ ಸವರುವ ಕತ್ತಿ ಹಿಡಿದು ನಿಂತಿದ್ದಾನೆ. ಒಂದು ಸುಳ್ಳು ಆರೋಪ ವೈನಿನ ವ್ಯಾಪಾರದ ಹಾದಿಗಳನ್ನೇ ಹಿಡಿದುಕೊಂಡು ಹೀಗೆ ಭಕ್ತಿಯ ವೇಷದಲ್ಲಿ ನೂರಾರು ವರ್ಷ ಸಾಗಿತು. ಟ್ರಿಯರ್ ಧರ್ಮಪ್ರಾಂತ್ಯವು ತನ್ನ ಹಬ್ಬಗಳ ಪಟ್ಟಿಯಿಂದ ವೆರ್ನರ್‌ನ ಹೆಸರನ್ನು ತೆಗೆದದ್ದು 1963ರಲ್ಲಿ. ಕವಿ ಹೈನ್ರಿಖ್ ಹೈನೆ ತಾನು ಪೂರ್ತಿಗೊಳಿಸದೆ 1840ರಲ್ಲಿ ಪ್ರಕಟಿಸಿದ ಗದ್ಯಕಥೆಯೊಂದರಲ್ಲಿ, ಇಂಥದೇ ಆರೋಪಕ್ಕೆ ಸಿಲುಕುವ ಭಯದಿಂದ ಬಖರಾಖ್ ಬಿಟ್ಟು ಓಡುವ ಯೆಹೂದಿ ಧರ್ಮಗುರುವಿನ ವೃತ್ತಾಂತವಿದೆ. ಪಾಳು ಚಾಪೆಲ್ ಬಳಿ ಈಗ ಒಂದು ಫಲಕವನ್ನು ಹಾಕಿದ್ದಾರೆ. ಕ್ರೈಸ್ತರು ಯೆಹೂದ್ಯರಿಗೆ ಮಾಡಿದ ಅನ್ಯಾಯಕ್ಕೆ ಕ್ಷಮೆ ಬೇಡುವ ಪ್ರಾರ್ಥನೆ ಅದರಲ್ಲಿದೆ. ಚಿತ್ರ ತೆಗೆಯುವ ಮುನ್ನ ಅದನ್ನು ಓದಿ, ಮಗಳಿಂದಲೋ ಅಳಿಯಂದಿರಿಂದಲೋ ಓದಿಸಿಕೊಂಡರೂ ಆಯಿತು.

ಚಾಪೆಲ್ ಪಾಳಾದದ್ದಕ್ಕೆ ಕಾರಣ ಬೇರೆ. 17ನೇ ಶತಮಾನದ ಮೂವತ್ತು ವರ್ಷಗಳ ಯುದ್ಧದಲ್ಲಿ ಬಖರಾಖ್ ಸ್ಪೇನಿನವರು, ಸ್ವೀಡನ್ನಿನವರು, ಫ್ರೆಂಚರು ಹೀಗೆ ಮತ್ತೆ ಮತ್ತೆ ಕೈ ಬದಲಾಯಿಸಿತು. ಆದರೆ ಅಂತಿಮ ಪೆಟ್ಟು ಬಿದ್ದದ್ದು 1689ರಲ್ಲಿ, ಫಾಲ್ಟ್ಸ್ ಸಂಸ್ಥಾನದ ಉತ್ತರಾಧಿಕಾರಕ್ಕಾಗಿ ನಡೆದ ಯುದ್ಧದಲ್ಲಿ. ಹದಿನಾಲ್ಕನೇ ಲೂಯಿಯ ಸೈನಿಕರು ಷ್ಟಾಲೆಕ್ ದುರ್ಗವನ್ನೂ ಊರಿನ ಕೆಲವು ಬುರುಜುಗಳನ್ನೂ ಮದ್ದಿಟ್ಟು ಸಿಡಿಸಿದಾಗ ಮೇಲಿನಿಂದ ಉರುಳಿದ ಕಲ್ಲುಗಳು ಕೆಳಗಿದ್ದ ಚಾಪೆಲ್ ಮೇಲೆ ಬಿದ್ದು ಚಾವಣಿ ಮುರಿಯಿತು. 18ನೇ ಶತಮಾನದಲ್ಲಿ ಬೀಳುವ ಭಯದಿಂದ ಅದರ ಇನ್ನಷ್ಟು ಭಾಗವನ್ನು ಕೆಡವಿದರು. ಕಳೆದ ಶತಮಾನದ ಕೊನೆಯಲ್ಲಿ ಉಳಿದ ಗೋಡೆಗಳನ್ನು ಭದ್ರಪಡಿಸಿದರೇ ಹೊರತು ಮರಳಿ ಕಟ್ಟಲಿಲ್ಲ. ಅದರ ಮೂಲವನ್ನು ನೆನೆದರೆ ಹಾಗೆ ಬಿಟ್ಟದ್ದೇ ಸರಿಯೆಂದು ನನ್ನ ಅಭಿಪ್ರಾಯ.

ಯುದ್ಧಕ್ಕಿಂತಲೂ ಊರನ್ನು ಹೆಚ್ಚು ಬಡವಾಗಿಸಿದ್ದು ನದಿಯೇ. ಬಂದರಿನಲ್ಲಿ ಹೂಳು ತುಂಬಿತು. ಬಿಂಗೆನ್ ಬಳಿಯ ಬಂಡೆಯನ್ನು ಒಡೆದು ಕಂಡಿಯನ್ನು ಹಿಗ್ಗಿಸುವ ಕೆಲಸ ಹಂತಹಂತವಾಗಿ ನಡೆಯುತ್ತ ಬಂತು. 1815ರಲ್ಲಿ ಈ ಸೀಮೆ ಪ್ರಷ್ಯಕ್ಕೆ ಸೇರಿದ ಮೇಲೆ, 1830ರ ದಶಕದ ಆರಂಭದಲ್ಲಿ, ಅಲ್ಲಿನ ಎಂಜಿನಿಯರುಗಳು ಸಿಡಿಮದ್ದಿನಿಂದ ಕಂಡಿಯನ್ನು ಇನ್ನಷ್ಟು ಅಗಲಗೊಳಿಸಿದರು. ಹಡಗುಗಳು ಬಖರಾಖ್‌ನಲ್ಲಿ ನಿಲ್ಲಬೇಕಾದ ಅಗತ್ಯವೇ ಇಲ್ಲವಾಯಿತು. 1859ರಲ್ಲಿ ರೈಲು ಬಂದು ಊರಿಗೂ ನದಿಗೂ ನಡುವೆ ಹಳಿ ಹಾಸಿತು. ಹಣವಿಲ್ಲದ ಊರಿನಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟುವವರಿಲ್ಲ, ಕೋಟೆ ಒಡೆದು ರಸ್ತೆ ಅಗಲಿಸುವವರಿಲ್ಲ. ನೀವು ನೋಡಲಿರುವ ಮರದ ಚೌಕಟ್ಟಿನ ಮನೆಗಳ ಬೀದಿ ಉಳಿದದ್ದು ಹೀಗೆ.

ಹಳೆಯದು ಯಾವುದು, ಹೊಸದು ಯಾವುದು ಎಂಬ ಪ್ರಶ್ನೆಗೆ ಈಗ ಉತ್ತರಿಸುವುದು ಸುಲಭ. ದೂರದಿಂದ ಅತ್ಯಂತ ಪ್ರಾಚೀನವೆನಿಸುವ ಷ್ಟಾಲೆಕ್ ದುರ್ಗವೇ ಇಲ್ಲಿನ ಹೊಸ ಕಟ್ಟಡ. ಅಡಿಪಾಯ, ಕೆಲವು ಗೋಡೆಗಳು ಹಳೆಯವು. ಉಳಿದದ್ದನ್ನು 1925ರಿಂದೀಚೆಗೆ, ಹಳೆಯ ಸ್ಮಾರಕಗಳ ರಕ್ಷಣೆಗಾಗಿಯೇ ಇದ್ದ ರೈನ್ ಸೀಮೆಯ ಸಂಘವೊಂದು ಯುವಕರ ವಸತಿಗೃಹಕ್ಕಾಗಿ ಕಟ್ಟಿಸಿತು. ಮುಖ್ಯ ಗೋಪುರ ಪೂರ್ತಿಯಾದದ್ದು 1967ರಲ್ಲಿ. ನಾತ್ಸಿಗಳ ಕಾಲದಲ್ಲಿ ಲಕ್ಸೆಂಬರ್ಗಿನ ವಿದ್ಯಾರ್ಥಿಗಳನ್ನು 'ತಿದ್ದುವ' ಶಿಬಿರವೂ ಇಲ್ಲಿ ನಡೆದಿತ್ತು. ಇಂದು ಅದು ಮತ್ತೆ ಯೂತ್ ಹಾಸ್ಟೆಲ್. ಅಂಗಳಕ್ಕೆ ಯಾರೂ ಹೋಗಬಹುದು. ನೀರು ತುಂಬಿದ ಕಂದಕವೊಂದು ಅಲ್ಲಿದೆ, ಗುಡ್ಡದ ಮೇಲಿನ ದುರ್ಗಗಳಲ್ಲಿ ಇದು ಬಹಳ ವಿರಳ.

ಪೇಟೆಬೀದಿಯ ಸೇಂಟ್ ಪೀಟರ್ ಚರ್ಚು ನಿಜವಾಗಿ ಹಳೆಯದು. ಈಗಿನ ಕಟ್ಟಡದ ಹೆಚ್ಚಿನ ಭಾಗ 13ನೇ ಶತಮಾನದ್ದು. 16ನೇ ಶತಮಾನದಲ್ಲಿ ಸಂಸ್ಥಾನದ ದೊರೆಗಳು ಮತ ಬದಲಾಯಿಸಿದಾಗಿನಿಂದ ಅದು ಪ್ರೊಟೆಸ್ಟಂಟ್ ಚರ್ಚು. ಹೊರಗಿನಿಂದ ನೋಡಿ ಮುಂದೆ ಹೋಗಿಬಿಡುವವರೇ ಹೆಚ್ಚು, ಆದರೆ ಒಳಗೆ ಹೋಗಿ ಕತ್ತೆತ್ತಿ ನೋಡಬೇಕು. ದೊಡ್ಡ ಕ್ಯಾಥೆಡ್ರಲ್‌ಗಳಿಗೆ ಹೊಂದುವಂಥ ನಾಲ್ಕು ಅಂತಸ್ತಿನ ಕಮಾನುಸಾಲುಗಳನ್ನು ಇಲ್ಲಿ ಈ ಇಕ್ಕಟ್ಟಾದ ಜಾಗದಲ್ಲಿ ಒಂದರ ಮೇಲೊಂದು ಏರಿಸಿದ್ದಾರೆ. ಕೊಲೋನ್‌ನೊಡನೆ ಇದ್ದ ನಂಟು, ಕೈಯಲ್ಲಿದ್ದ ಹಣ, ಇರದಿದ್ದ ಜಾಗ ಮೂರೂ ಅಲ್ಲಿ ಒಟ್ಟಿಗೆ ಕಾಣುತ್ತವೆ. ಅದರೆದುರಿನ 'ಆಲ್ಟೆಸ್ ಹೌಸ್' ಊರಿನಲ್ಲಿ ಅತಿ ಹೆಚ್ಚು ಚಿತ್ರ ತೆಗೆಸಿಕೊಳ್ಳುವ ಮನೆ. ಗೋಡೆಯ ಮೇಲೆ 1368 ಎಂದು ಬರೆದಿದ್ದರೂ ಈಗ ಕಾಣುವ ಮರದ ಕಟ್ಟಣೆ ಬಹುಮಟ್ಟಿಗೆ 16ನೇ ಶತಮಾನದ್ದು. ಅಂಚೆಗಾಡಿಗಳು ಕುದುರೆ ಬದಲಾಯಿಸುತ್ತಿದ್ದ ಪೋಸ್ಟ್‌ಹೋಫ್ ಅಂಗಳ, ಹಳೆಯ ಟಂಕಸಾಲೆ ಕೂಡ ಹತ್ತಿರದಲ್ಲೇ ಇವೆ.

19ನೇ ಶತಮಾನದಲ್ಲಿ ಕವಿಗಳೂ ಚಿತ್ರಕಾರರೂ ಈ ಪಾಳನ್ನೇ ಮೆಚ್ಚಿಕೊಂಡು ಬಂದರು. ಲೊರೆಲೈ ಎಂಬ ಮಾಯಾವಿನಿಯ ಕಥೆ ಅನಾದಿಕಾಲದ ಜನಪದವೆಂದು ದೋಣಿಯಲ್ಲಿ ಧ್ವನಿವರ್ಧಕ ಹೇಳಬಹುದು. ಅದನ್ನು ಹೆಣೆದವರು ಕ್ಲೆಮೆನ್ಸ್ ಬ್ರೆಂಟಾನೋ, 1801ರಲ್ಲಿ ಪ್ರಕಟವಾದ ಅವರ ಕವಿತೆಯಲ್ಲಿ ಆಕೆಯ ಊರು ಬಖರಾಖ್. ಬಿಂಗೆನ್‌ನಿಂದ ಕೊಬ್ಲೆನ್ಸ್‌ವರೆಗಿನ ಈ ಸುಮಾರು 65 ಕಿ.ಮೀ. ಕಣಿವೆಯನ್ನು ಯುನೆಸ್ಕೊ 2002ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಮದ್ಯ ಮುಟ್ಟದವರು ವೈನ್ ಊರಿನಲ್ಲಿ ಏನು ನೋಡಬೇಕೆಂದು ಕೇಳಿದ್ದೀರಿ. ತೋಟಗಳನ್ನು ನೋಡಿ. ಸೆಪ್ಟೆಂಬರಿನ ಕೊನೆಯಲ್ಲಿ ಬಳ್ಳಿಗಳು ಕಾಯಿ ತುಂಬಿಕೊಂಡಿರುತ್ತವೆ. ಇಲ್ಲಿನ ಮುಖ್ಯ ತಳಿಯಾದ ರೀಸ್ಲಿಂಗ್ ನಿಧಾನವಾಗಿ ಹಣ್ಣಾಗುವಂಥದ್ದು, ಅದರ ಕೊಯ್ಲು ಹೆಚ್ಚಾಗಿ ಅಕ್ಟೋಬರಿಗೆ ಹೋಗುತ್ತದೆ. ಇಷ್ಟು ಉತ್ತರದ ಚಳಿಸೀಮೆಯಲ್ಲಿ ದ್ರಾಕ್ಷಿ ಹಣ್ಣಾಗುವುದಕ್ಕೆ ಮೂರು ಕಾರಣಗಳು ಕೂಡಿಬರಬೇಕು: ಬಿಸಿಲಿಗೆ ನೇರವಾಗಿ ಮುಖಮಾಡಿದ ಕಡಿದಾದ ಇಳಿಜಾರು, ಹಗಲಿನ ಶಾಖವನ್ನು ಹಿಡಿದಿಟ್ಟು ರಾತ್ರಿ ಬಿಡುವ ಸ್ಲೇಟು ಕಲ್ಲಿನ ನೆಲ, ಮತ್ತು ಹಿಮ ಬೀಳದಂತೆ ಗಾಳಿಯನ್ನು ಬೆಚ್ಚಗಿಡುವ ನದಿ. ಬಖರಾಖ್‌ನ ಹಾನ್, ಪೋಸ್ಟೆನ್, ವೋಲ್ಫ್ಸ್‌ಹೋಲೆ ಎಂಬ ತೋಟಗಳಲ್ಲಿ ನಿಂತರೆ ಕಾಲಡಿಯ ಬಿಲ್ಲೆಕಲ್ಲುಗಳೇ ಇದನ್ನು ಹೇಳುತ್ತವೆ. ಇಂಥ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಓಡದು, ಬಹುತೇಕ ಕೆಲಸ ಕೈಯಿಂದಲೇ ಆಗಬೇಕು, ಕೂಲಿಯೋ ದುಬಾರಿ. ಅದರಿಂದಲೇ ಒಂದು ಕಾಲಕ್ಕೆ ಇಡೀ ಕಣಿವೆಯನ್ನು ಹೊದೆದಿದ್ದ ತೋಟಗಳು ಇಂದು ಮಿಟೆಲ್‌ರೈನ್ ವೈನ್ ಪ್ರದೇಶದಲ್ಲಿ 500 ಹೆಕ್ಟೇರಿಗೂ ಕಡಿಮೆಯಾಗಿವೆ. ಎದುರು ದಡದ ಗುಡ್ಡಗಳಲ್ಲಿ ಪೊದೆ ಮುಚ್ಚಿದ ಕಲ್ಲುಗೋಡೆಗಳ ಸಾಲು ಕಂಡರೆ ಅವು ಕೈಬಿಟ್ಟ ತೋಟಗಳೆಂದು ತಿಳಿಯಿರಿ.

ಬೆಳೆಗಾರರು ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ತಮ್ಮ ಮನೆಯಂಗಳದಲ್ಲಿ ನಡೆಸಬಹುದಾದ 'ಸ್ಟ್ರೌಸ್‌ವಿರ್ಟ್‌ಶಾಫ್ಟ್' ಎಂಬ ಸಣ್ಣ ಊಟದ ತಾಣಗಳಿವೆ. ಬಾಗಿಲಿಗೆ ಕಟ್ಟಿದ ಸೊಪ್ಪಿನ ಗೊಂಚಲೋ ಪೊರಕೆಯೋ ಅದರ ಗುರುತು. ಇಂಥ ಕಡೆ 'ಟ್ರೌಬೆನ್‌ಸಾಫ್ಟ್' ಎಂದು ಕೇಳಿದರೆ ಹುಳಿಯೇರದ ದ್ರಾಕ್ಷಿಯ ರಸ ಸಾಮಾನ್ಯವಾಗಿ ಸಿಗುತ್ತದೆ. ಸೆಪ್ಟೆಂಬರಿನಲ್ಲಿ 'ಫೇಡರ್‌ವೈಸರ್' ಎಂದು ಲೋಟದಲ್ಲಿ ಕೊಡುವುದು ಸಿಹಿಯಾಗಿದ್ದು ಹಣ್ಣಿನ ರಸದಂತೆಯೇ ಕಂಡರೂ ಅದು ಹುಳಿಯುತ್ತಿರುವ ಹೊಸ ವೈನ್, ಆದ್ದರಿಂದ ನೀವು ಎಚ್ಚರದಿಂದಿರಿ. ಸಸ್ಯಾಹಾರಿಗಳಾಗಿದ್ದರೆ ಬೆಳ್ಳುಳ್ಳಿ, ಗಿಡಮೂಲಿಕೆ ಕಲಸಿದ ಗಿಣ್ಣು ಹಚ್ಚಿದ ರೊಟ್ಟಿ, ಬೇಯಿಸಿದ ಆಲೂಗಡ್ಡೆ ದೊರೆಯುತ್ತವೆ. ಈರುಳ್ಳಿಯ ಕೇಕಿನಲ್ಲಿ ಹಂದಿಮಾಂಸದ ಚೂರುಗಳಿರುವುದುಂಟು, ಕೇಳಿಯೇ ತರಿಸಿಕೊಳ್ಳಿ.

ಓಡಾಟದ ಬಗ್ಗೆ ಕೊನೆಯ ಮಾತು. ಫ್ರಾಂಕ್‌ಫರ್ಟಿನಿಂದ ಮೈನ್ಸ್ ಮೂಲಕ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ಹಾದಿ. ಸಾಧ್ಯವಾದರೆ ಬಿಂಗೆನ್‌ನಲ್ಲಿ ಇಳಿದು ಅಲ್ಲಿಂದ ದೋಣಿಯಲ್ಲಿ ಬನ್ನಿ. ಹಿಂದೆ ಪೀಪಾಯಿಗಳು ದಾಟಿದ ಕಂಡಿಯನ್ನು, ಅಲ್ಲಿ ನಡುಗಡ್ಡೆಯ ಮೇಲಿರುವ ಮೌಸೆಟುರ್ಮ್ ಗೋಪುರವನ್ನು ದಾಟಿಯೇ ನೀವು ಊರು ತಲುಪುತ್ತೀರಿ. ಮೊದಲ ದಿನ ಕೆಳಗಿನ ಬೀದಿಗಳು, ಚರ್ಚು, ದಂಡೆಯ ಗೋಡೆ ಸಾಕು. ಎರಡನೆಯ ದಿನ ಬೆಳಗ್ಗೆ ಬಿಸಿಲೇರುವ ಮೊದಲು ಸೇಂಟ್ ಪೀಟರ್ ಚರ್ಚಿನ ಪಕ್ಕದ ಮೆಟ್ಟಿಲುಗಳಿಂದ ವೆರ್ನರ್ ಕಪೆಲ್ಲೆಗೆ, ಅಲ್ಲಿಂದ ದುರ್ಗಕ್ಕೆ ಹತ್ತಬಹುದು. ಮೆಟ್ಟಿಲುಗಳು ಕಡಿದಾಗಿವೆ, ಮಂಡಿನೋವಿದ್ದವರು ಚಾಪೆಲ್‌ವರೆಗೆ ಹೋಗಿ ಅಲ್ಲಿಂದಲೇ ಮರಳಿದರೂ ದೊಡ್ಡ ನಷ್ಟವಿಲ್ಲ, ದುರ್ಗಕ್ಕೆ ಹಿಂದಿನಿಂದ ಕಾರಿನ ರಸ್ತೆಯೂ ಇದೆ. ಮೈನ್ಸ್‌ಗೂ ಕೊಬ್ಲೆನ್ಸ್‌ಗೂ ನಡುವೆ ರೈನಿಗೆ ಎಲ್ಲಿಯೂ ಸೇತುವೆಯಿಲ್ಲ. ಎದುರು ದಡದ ಕೌಬ್‌ಗೆ ಹೋಗಬೇಕೆಂದರೆ ದೋಣಿಯೇ ಗತಿ, ಕೊನೆಯ ದೋಣಿಯ ಸಮಯವನ್ನು ಮೊದಲೇ ನೋಡಿಕೊಳ್ಳಿ. ಕಣಿವೆಯ ಎರಡೂ ದಡಗಳಲ್ಲಿ ಇಡೀ ರಾತ್ರಿ ಗೂಡ್ಸ್ ರೈಲುಗಳು ಓಡುತ್ತವೆ. ಆದ್ದರಿಂದ ಕೋಣೆ ಕಾದಿರಿಸುವಾಗ ನದಿಯ ನೋಟ ಬೇಕೆಂದು ಕೇಳದೆ, ಷ್ಟೇಗರ್ ಟೋರ್ ಕಡೆಯ ಒಳಬೀದಿಯಲ್ಲಿ ಕೊಡಿಸುವಂತೆ ಅಳಿಯಂದಿರಿಗೆ ಹೇಳಿ.